ನಗರದ ನಡುವಿನ ಮನೆ: ಪಾಲಿಕೆಯ ಕರಡು ನೀತಿಗೆ ಆಕ್ಷೇಪಣೆ ಬರೆಯುವುದು ಹೇಗೆ?

ನಗರದ ಹೃದಯಭಾಗದಲ್ಲಿ ಮನೆ ಮಾಡಿಕೊಂಡವರ ಕಷ್ಟವೇ ಬೇರೆ. ಹೊರವಲಯದ ಬಡಾವಣೆಗಳವರು ರಸ್ತೆ ಬಂದಿಲ್ಲ, ಬಸ್ಸು ಬಂದಿಲ್ಲ ಎಂದು ದೂರಿದರೆ, ಇಲ್ಲಿಯವರದು ಎಲ್ಲವೂ ಬಂದು ಮನೆಬಾಗಿಲಿಗೇ ಒತ್ತಿಕೊಂಡಿದೆ ಎಂಬ ದೂರು. ಮಲಗುವ ಕೋಣೆಯ ಗೋಡೆಯಾಚೆ ಬಾರು, ಕೆಳಗಿನ ಅಂತಸ್ತಿನಲ್ಲಿ ಗೋದಾಮು, ಪಕ್ಕದ ಫ್ಲ್ಯಾಟಿನಲ್ಲಿ ಎರಡು ದಿನಕ್ಕೊಮ್ಮೆ ಬದಲಾಗುವ ಪ್ರವಾಸಿಗರು, ಗೇಟಿನ ಮುಂದೆ ಯಾರದೋ ಕಾರು. ಇವುಗಳಲ್ಲಿ ಒಂದೊಂದರ ಹಿಂದೆಯೂ ಪಾಲಿಕೆಯ ಯಾವುದೋ ನೀತಿಯ ಯಾವುದೋ ಒಂದು ಕಲಂ ಇರುತ್ತದೆ. ಆ ಕಲಂ ಇನ್ನೂ ಕರಡಾಗಿದ್ದಾಗ ಅದನ್ನು ಓದಿದ ನಿವಾಸಿಗಳು ಬೆರಳೆಣಿಕೆಯಷ್ಟು. ಅದು ಜಾರಿಗೆ ಬಂದು ಬೀದಿಯಲ್ಲಿ ಫಲಕ ನೆಟ್ಟ ದಿನ ಪ್ರತಿಭಟನೆಗೆ ಬರುವವರು ನೂರಾರು. ಅಷ್ಟು ಹೊತ್ತಿಗೆ ಟೆಂಡರು ಮುಗಿದು, ಹಣ ಬಿಡುಗಡೆಯಾಗಿ, ಅಧಿಕಾರಿಗಳು ಮುಂದಿನ ಕಡತ ಕೈಗೆತ್ತಿಕೊಂಡಿರುತ್ತಾರೆ. ನಿವಾಸಿಗಳ ಮಾತು ಹೊತ್ತಿಗೆ ಸರಿಯಾಗಿ, ಕಲಮಿನ ಮೇಲೆಯೇ, ಲಿಖಿತವಾಗಿ ತಲುಪಬೇಕು. ಅದನ್ನು ಮಾಡುವ ಬಗೆಯನ್ನು ಹಂತಹಂತವಾಗಿ ನೋಡೋಣ.

ಮೊದಲು ಹಂತ ತಿಳಿಯಿರಿ

ನೀತಿಯೊಂದು ಪ್ರಕಟವಾಗಿದೆ ಎಂದು ಕೇಳಿದ ಕೂಡಲೇ ಅದರ ಸಾರಾಂಶವನ್ನಲ್ಲ, ಪೂರ್ತಿ ಕರಡನ್ನು ತರಿಸಿಕೊಳ್ಳಿ. ಅದರ ಜೊತೆಗಿರುವ ಪ್ರಕಟಣೆಯಲ್ಲಿ ಮೂರು ಸಂಗತಿಗಳನ್ನು ಹುಡುಕಿ: ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕ, ಅದನ್ನು ಸ್ವೀಕರಿಸುವ ವಿಭಾಗ, ಅಂತಿಮ ತೀರ್ಮಾನ ಕೈಗೊಳ್ಳುವ ಸಮಿತಿ. ಕರಡು ಯಾವ ಬಗೆಯದು ಎಂಬುದನ್ನೂ ಗುರುತಿಸಿಕೊಳ್ಳಬೇಕು. ಭೂಬಳಕೆಯ ಯೋಜನೆ, ಅಂಗಡಿ ಮತ್ತು ಬಾರುಗಳ ಪರವಾನಗಿ ನೀತಿ, ಸಂಚಾರ ಮತ್ತು ಪಾರ್ಕಿಂಗ್ ಆದೇಶ ಇವು ಮೂರೂ ಬೇರೆ ಬೇರೆ ಮೇಜುಗಳ ಮೇಲೆ ಇತ್ಯರ್ಥವಾಗುತ್ತವೆ. ಪಾರ್ಕಿಂಗ್ ಆದೇಶಕ್ಕೆ ಬರೆದ ಪತ್ರದಲ್ಲಿ ಬಾರಿನ ಗದ್ದಲದ ಬಗ್ಗೆ ಎರಡು ಪುಟ ಬರೆದರೆ, ಓದುವ ಅಧಿಕಾರಿ ಅದನ್ನು 'ವಿಷಯಕ್ಕೆ ಸಂಬಂಧಿಸಿದ್ದಲ್ಲ' ಎಂದು ಪಕ್ಕಕ್ಕಿಡುತ್ತಾರೆ.

ಜನಾಭಿಪ್ರಾಯ ಸಂಗ್ರಹವು ಕಾಟಾಚಾರದ್ದೋ ನಿಜವಾದದ್ದೋ ಎಂದು ಅಳೆಯುವುದಕ್ಕೆ ಒಂದು ಒಳ್ಳೆಯ ಮಾಪಕವಿದೆ. ಲಂಡನ್ನಿನ ಬ್ರೆಂಟ್ ಪಾಲಿಕೆಯ ವಿರುದ್ಧ ನಡೆದ ಗನ್ನಿಂಗ್ ಪ್ರಕರಣದಲ್ಲಿ 1985ರಲ್ಲಿ ನಾಲ್ಕು ಷರತ್ತುಗಳು ರೂಪುಗೊಂಡವು. ತೀರ್ಮಾನ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು. ಜನರು ಯೋಚಿಸಿ ಉತ್ತರಿಸಲು ಬೇಕಾದಷ್ಟು ಕಾರಣಗಳನ್ನು ಅವರ ಮುಂದಿಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಶೀಲಿಸಬೇಕು. ಬ್ರಿಟನ್ನಿನ ಸುಪ್ರೀಂ ಕೋರ್ಟು 2014ರಲ್ಲಿ ಈ ನಾಲ್ಕನ್ನೂ ಎತ್ತಿಹಿಡಿಯಿತು. ಇದು ಆ ದೇಶದ ಕಾನೂನು ನಿಜ, ಆದರೆ ಈ ನಾಲ್ಕು ಪ್ರಶ್ನೆಗಳನ್ನು ಯಾವ ಊರಿನ ಪಾಲಿಕೆಯ ಮುಂದೆಯೂ ಇಡಬಹುದು. ಹತ್ತು ದಿನಗಳ ಗಡುವು ಕೊಟ್ಟು ಇನ್ನೂರು ಪುಟಗಳ ಕರಡು ಹೊರಡಿಸಿದ್ದರೆ, ನಿಮ್ಮ ಮೊದಲ ಪತ್ರ ಗಡುವು ವಿಸ್ತರಿಸಬೇಕೆಂಬ ಕೋರಿಕೆಯೇ ಆಗಿರಲಿ.

ದಿನಚರಿ ಬರೆಯಿರಿ

ಇಡೀ ಕೆಲಸದಲ್ಲಿ ಬಹಳ ತಾಳ್ಮೆ ಬೇಡುವ ಹಂತ ಇದು, ಬಹಳ ಫಲ ಕೊಡುವುದೂ ಇದೇ. ಒಂದು ನೋಟ್‌ಬುಕ್ ತೆಗೆದುಕೊಂಡು ಕನಿಷ್ಠ ನಾಲ್ಕು ವಾರ, ಆದದ್ದನ್ನು ಆದ ಹೊತ್ತಿಗೇ ಬರೆದಿಡಿ. ಪುಟವೊಂದು ಹೀಗೆ ಕಾಣಬಹುದು:

'ಬುಧವಾರ, ರಾತ್ರಿ 1.40. ಎದುರಿನ ಬಾರಿನ ಹಿಂಬಾಗಿಲಲ್ಲಿ ಖಾಲಿ ಬಾಟಲಿಗಳನ್ನು ಕಬ್ಬಿಣದ ತೊಟ್ಟಿಗೆ ಸುರಿದರು. ಮೂರು ಸಲ, ಒಟ್ಟು ನಾಲ್ಕು ನಿಮಿಷ. ನಮ್ಮ ಕಿಟಕಿ ಮುಚ್ಚಿತ್ತು. ಮಗು ಎದ್ದಿತು. ಗುರುವಾರ, ನಸುಕಿನ 4.55. ಸರಕಿನ ಲಾರಿ, ಹಿಂದಕ್ಕೆ ಬರುವಾಗಿನ ಪೀಂಪೀಂ ಸದ್ದು. ಇಂಜಿನ್ ಬಂದ್ ಮಾಡದೆ ಹನ್ನೊಂದು ನಿಮಿಷ ನಿಂತಿತ್ತು. ಶುಕ್ರವಾರ, ರಾತ್ರಿ 11.30ರವರೆಗೆ ಬಾರಿನ ಸಂಗೀತ ಕೇಳಿಸುತ್ತಿತ್ತು, ತೊಂದರೆಯಾಗಲಿಲ್ಲ.'

ಕೊನೆಯ ವಾಕ್ಯವನ್ನು ಬರೆಯಲು ಮರೆಯಬೇಡಿ. ತೊಂದರೆಯಾಗದ ದಿನಗಳನ್ನೂ ದಾಖಲಿಸಿದ ನೋಟ್‌ಬುಕ್ಕನ್ನು ಅಧಿಕಾರಿಗಳು ನಂಬುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ವಾರಗಳ ನಂತರ ಪುಟಗಳನ್ನು ತಿರುವಿ ಹಾಕಿದಾಗ ನಿಮ್ಮ ನಿದ್ದೆ ಕೆಡಿಸುತ್ತಿರುವುದು ನೀವು ಅಂದುಕೊಂಡದ್ದಲ್ಲ ಎಂದು ನಿಮಗೇ ಗೊತ್ತಾಗಬಹುದು. ಬಾರಿನ ಮೇಲೆ ಸಿಟ್ಟಿದ್ದವರಿಗೆ ಸಂಗೀತದ ಬದಲು ಬಾಟಲಿಯೂ ಲಾರಿಯೂ ಕಣ್ಣಿಗೆ ಬೀಳುತ್ತವೆ. ಆಗ ಬಾರನ್ನೇ ಮುಚ್ಚಿಸಿ ಎಂಬ ಕೈಗೂಡದ ಬೇಡಿಕೆಯ ಜಾಗದಲ್ಲಿ, ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಹೊರಗಿನ ತೊಟ್ಟಿಗೆ ಬಾಟಲಿ ಸುರಿಯಬಾರದು ಎಂಬ ಒಂದು ಸಾಲಿನ ಪರವಾನಗಿ ಷರತ್ತು ಹುಟ್ಟುತ್ತದೆ. ಅದನ್ನು ಬಾರಿನ ಮಾಲೀಕರೂ ಒಪ್ಪಬಹುದು.

ಸದ್ದಿನ ವಿಷಯದಲ್ಲಿ ಅಂಕಿಗಳನ್ನು ಬಳಸುವವರು ಒಂದು ಸೂಕ್ಷ್ಮವನ್ನು ಅರಿತಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಯುರೋಪ್ ವಲಯಕ್ಕಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಸ್ತೆ ಸಂಚಾರದ ಸದ್ದು ರಾತ್ರಿಯ ಸರಾಸರಿಯಲ್ಲಿ 45 ಡೆಸಿಬೆಲ್ ಮೀರಬಾರದು. ಇದು ಸರಾಸರಿ ಎಂಬುದನ್ನು ಗಮನಿಸಿ. ನಾಲ್ಕು ನಿಮಿಷಗಳ ಕಾಲ 70 ಡೆಸಿಬೆಲ್ ಸದ್ದಾಗಿ, ರಾತ್ರಿಯ ಉಳಿದ ಹೊತ್ತೆಲ್ಲ ನಿಶ್ಶಬ್ದವಾಗಿದ್ದರೆ, ಎಂಟು ಗಂಟೆಗಳ ಸರಾಸರಿ ಸುಮಾರು 49 ಡೆಸಿಬೆಲ್‌ಗೆ ಇಳಿದುಬಿಡುತ್ತದೆ. ಕರಡಿನಲ್ಲಿ ಮಿತಿ 50 ಎಂದಿದ್ದರೆ ಮಗುವನ್ನು ಎಬ್ಬಿಸಿದ ಆ ಸದ್ದು ಕಾಗದದ ಮೇಲೆ ನಿಯಮಬದ್ಧವಾಗಿಯೇ ಇರುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಗರಿಷ್ಠ ಸದ್ದಿಗೂ, ಅದು ಎಷ್ಟು ಸಲ ಆಗಬಹುದು ಎಂಬುದಕ್ಕೂ ಮಿತಿ ಇರಬೇಕೆಂದು ಕೇಳುವುದು ನಿವಾಸಿಗಳ ನ್ಯಾಯವಾದ ಬೇಡಿಕೆ. ಮೊಬೈಲಿನ ಆ್ಯಪ್ ತೋರಿಸುವ ಡೆಸಿಬೆಲ್ ಅಂದಾಜು ಮಾತ್ರ. ಬರೆಯುವುದಾದರೆ ಅದು ಅಂದಾಜು ಎಂದೇ ಬರೆದು, ಪಾಲಿಕೆಯು ಪ್ರಮಾಣೀಕೃತ ಉಪಕರಣದಿಂದ ಅಳೆಯಲಿ ಎಂದು ಕೋರಿ.

ಮಾಹಿತಿ ಕೇಳಿ

ನಿಮ್ಮ ನೋಟ್‌ಬುಕ್ಕಿನ ಎದುರು ಪಾಲಿಕೆಯ ಕಡತವನ್ನೂ ಇಟ್ಟು ನೋಡಬೇಕು. ಸರ್ಕಾರಿ ದಾಖಲೆ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನಾಗಿಸಿತ್ತು. ಪರಿಸರಕ್ಕೆ ಸಂಬಂಧಿಸಿದ ಮಾಹಿತಿ ಮತ್ತು ತೀರ್ಮಾನಗಳಲ್ಲಿ ಜನರ ಪಾಲನ್ನು 1998ರ ಆರ್ಹುಸ್ ಒಪ್ಪಂದ ಹಲವು ದೇಶಗಳ ಮೇಲೆ ಕಡ್ಡಾಯವಾಗಿಸಿತು. ನಿಮ್ಮಲ್ಲಿರುವ ಮಾಹಿತಿ ಕಾನೂನಿನಡಿ ಅರ್ಜಿ ಹಾಕಿ, ಆ ಬೀದಿಯ ವಾಹನ ಎಣಿಕೆ, ಚಾಲ್ತಿಯಲ್ಲಿರುವ ಪರವಾನಗಿಗಳ ಸಂಖ್ಯೆ, ಬಂದ ದೂರುಗಳ ಸಂಖ್ಯೆ ಮತ್ತು ಅವುಗಳ ಮೇಲೆ ಆದ ಕ್ರಮವನ್ನು ಕೇಳಿ. 'ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ಅರ್ಜಿ ಹಾಗೇ ಬಿದ್ದಿರುತ್ತದೆ. ವರ್ಷ, ಬೀದಿ, ದಾಖಲೆಯ ಹೆಸರು ಹೇಳಿ ಕೇಳಿ.

ಕಷ್ಟವನ್ನು ಕಲಮಿಗೆ ಕಟ್ಟಿ

ಈಗ ಬರೆಯುವ ಸರದಿ. ಸಾಮಾನ್ಯವಾಗಿ ಪತ್ರಗಳು ಹೀಗಿರುತ್ತವೆ: 'ನಮ್ಮ ಬೀದಿಯಲ್ಲಿ ರಾತ್ರಿಯಿಡೀ ಗದ್ದಲ, ಯಾರಿಗೂ ನಿದ್ದೆಯಿಲ್ಲ, ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.' ಇದರಲ್ಲಿರುವ ನೋವು ಸತ್ಯವಾದದ್ದು. ಆದರೆ ಇದನ್ನು ಓದಿದ ಅಧಿಕಾರಿ ಕರಡಿನಲ್ಲಿ ಯಾವ ಅಕ್ಷರವನ್ನು ಬದಲಿಸಬೇಕು? ಪತ್ರ ಅದನ್ನು ಹೇಳುವುದಿಲ್ಲ. ಅದೇ ಮಾತನ್ನು ಹೀಗೆ ಬರೆಯಬಹುದು:

'ಕರಡಿನ 14ನೇ ಕಲಂ ಸರಕು ಇಳಿಸುವುದಕ್ಕೆ ಹೊತ್ತಿನ ಮಿತಿ ಹಾಕಿಲ್ಲ. ನಾವು 28 ದಿನ ಬರೆದ ದಿನಚರಿಯಲ್ಲಿ 19 ದಿನ ಬೆಳಗಿನ 5.30ಕ್ಕೂ ಮೊದಲು ಲಾರಿಗಳು ಬಂದಿವೆ, ಪ್ರತಿ ಲಗತ್ತಿಸಿದೆ. ಆದ್ದರಿಂದ 14ನೇ ಕಲಮಿನ ಕೊನೆಗೆ, ವಾಸದ ಮನೆಗಳಿರುವ ಬೀದಿಗಳಲ್ಲಿ ರಾತ್ರಿ 11ರಿಂದ ಬೆಳಗಿನ 6.30ರವರೆಗೆ ಸರಕು ಇಳಿಸುವಂತಿಲ್ಲ ಮತ್ತು ನಿಂತ ವಾಹನದ ಇಂಜಿನ್ ಬಂದ್ ಆಗಿರಬೇಕು ಎಂಬ ವಾಕ್ಯವನ್ನು ಸೇರಿಸಬೇಕೆಂದು ಕೋರುತ್ತೇವೆ.'

ಕಲಂ, ಆಧಾರ, ಬದಲಿ ವಾಕ್ಯ: ಈ ಮೂರೂ ಇರುವ ಪ್ಯಾರಾವನ್ನು ತೇಲಿಸಿಬಿಡುವುದು ಕಷ್ಟ, ಏಕೆಂದರೆ ಒಪ್ಪದಿದ್ದರೆ ಅದಕ್ಕೆ ಕಾರಣ ಬರೆಯಬೇಕಾಗುತ್ತದೆ. ಒಂದು ಕಲಮಿಗೆ ಒಂದು ಪ್ಯಾರಾ ಸಾಕು. ನೂರು ಸಹಿಗಳ ಒಂದೇ ಮನವಿಯನ್ನು ಎಷ್ಟೋ ಕಡೆ ಒಂದೇ ಆಕ್ಷೇಪಣೆ ಎಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ನಕಲು ಮಾಡಿದ ಒಕ್ಕಣೆಗಿಂತ, ಒಂದೊಂದು ಮನೆಯವರೂ ತಮ್ಮ ಕಿಟಕಿಯಿಂದ ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಬೇರೆ ಬೇರೆಯಾಗಿ ಸಲ್ಲಿಸುವುದು ಮೇಲು. ಸ್ವೀಕೃತಿಯ ಮೊಹರು ಅಥವಾ ಸಂಖ್ಯೆಯನ್ನು ಪಡೆಯದೆ ಬರಬೇಡಿ.

ಬೀದಿಯ ಇತರರೊಂದಿಗೆ ಮಾತಾಡಿ

ಪತ್ರ ಸಲ್ಲಿಸುವ ಮೊದಲು ನಿಮ್ಮ ಬೇಡಿಕೆಯಿಂದ ಹೊಟ್ಟೆಪಾಡಿಗೆ ಪೆಟ್ಟು ಬೀಳಬಹುದಾದವರ ಜೊತೆ ಕೂತು ಮಾತಾಡಬೇಕು. ಅಂಗಡಿಯವರು, ರಾತ್ರಿ ಪಾಳಿಯವರು, ಬಾಡಿಗೆದಾರರು. ಸಂಜೆಯ ಸಭೆಗಳಿಗೆ ಬಾಡಿಗೆದಾರರು ಮತ್ತು ಪಾಳಿ ಕೆಲಸದವರು ಬರಲಾಗುವುದಿಲ್ಲ, ಹೀಗಾಗಿ ನಿವಾಸಿಗಳ ಅಭಿಪ್ರಾಯವೆಂದರೆ ಮನೆ ಮಾಲೀಕರ ಅಭಿಪ್ರಾಯ ಎಂಬಂತಾಗಿಬಿಡುತ್ತದೆ. ಅವರ ಬಾಗಿಲಿಗೆ ನೀವೇ ಹೋಗಬೇಕು. ನನಗೆ ಬಹಳ ಕಾಡುವ ಸಂಗತಿಯೊಂದಿದೆ: ಬೀದಿ ಶಾಂತವಾಗಿ, ಸ್ವಚ್ಛವಾಗಿ, ವಾಹನಮುಕ್ತವಾದ ಮೇಲೆ ಬಾಡಿಗೆ ಏರಿ, ಅದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದವರೇ ಅಲ್ಲಿ ಇರಲಾಗದೆ ಹೊರಡಬೇಕಾಗಬಹುದು. ಬೀದಿಯ ಸುಧಾರಣೆ ಕೇಳುವ ಪತ್ರದಲ್ಲೇ, ಈಗಿರುವ ಬಾಡಿಗೆದಾರರು ಉಳಿಯಲು ಪಾಲಿಕೆ ಏನು ಮಾಡುತ್ತದೆ ಎಂದೂ ಕೇಳಿ.

ಯಾರು ಮೊದಲಿದ್ದರು ಎಂಬ ಜಗಳಕ್ಕೂ ನೀತಿಯಲ್ಲಿ ಉತ್ತರವಿದೆ. ಹಳೆಯ ಸಂಗೀತ ಸಭಾಂಗಣದ ಪಕ್ಕ ಹೊಸ ವಸತಿ ಕಟ್ಟಡ ಎದ್ದರೆ ಸದ್ದು ತಡೆಯುವ ಗೋಡೆ, ಕಿಟಕಿಗಳ ಖರ್ಚು ಹೊಸದಾಗಿ ಕಟ್ಟುವವರದು. ಹಳೆಯ ಮನೆಗಳ ನಡುವೆ ಹೊಸ ಸಭಾಂಗಣ ಬಂದರೆ ಖರ್ಚು ಸಭಾಂಗಣದವರದು. ಬದಲಾವಣೆ ತಂದವರೇ ಹೊಣೆ ಹೊರಬೇಕೆಂಬ ಈ ತತ್ವವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ತನ್ನ ಯೋಜನಾ ನಿಯಮಗಳಲ್ಲಿ ಸೇರಿಸಿತು. ಇಂಗ್ಲೆಂಡಿನ ರಾಷ್ಟ್ರೀಯ ಯೋಜನಾ ನೀತಿಯಲ್ಲೂ 2018ರಲ್ಲಿ ಅದು ಬಂತು. ನಿಮ್ಮ ಕರಡಿನಲ್ಲಿ ಅದು ಇಲ್ಲವಾದರೆ ಸೇರಿಸಿ ಎಂದು ಕೇಳುವುದಕ್ಕೆ ಇವೆರಡೂ ಒಳ್ಳೆಯ ನಿದರ್ಶನಗಳು.

ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಫ್ಲ್ಯಾಟುಗಳ ವಿಚಾರದಲ್ಲಿ ನಗರಗಳು ಬೇರೆ ಬೇರೆ ದಾರಿ ಹಿಡಿದಿವೆ. ಆಮ್‌ಸ್ಟರ್‌ಡ್ಯಾಂ 2019ರಿಂದ ಒಂದು ಮನೆಗೆ ವರ್ಷಕ್ಕೆ 30 ರಾತ್ರಿಗಳ ಮಿತಿ ಹಾಕಿತು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನೋಂದಣಿ ಮಾಡಿಸಲೇಬೇಕೆಂಬ ನಿಯಮವನ್ನು ಜಾರಿಗೆ ತಂದಿತು. ಬಾರ್ಸಿಲೋನಾದ ಮೇಯರ್ 2024ರಲ್ಲಿ, ಇಂಥ 10,101 ಫ್ಲ್ಯಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ಕೊನೆಗೊಳಿಸುವುದಾಗಿ ಘೋಷಿಸಿದರು. ಯಾವ ದಾರಿ ಹಿಡಿದರೂ ನೋಂದಣಿ ಸಂಖ್ಯೆ ಇಲ್ಲದೆ ಯಾವ ಮಿತಿಯನ್ನೂ ಜಾರಿ ಮಾಡಲಾಗದು. ಕರಡಿನಲ್ಲಿ ಮಿತಿಯಿದ್ದು ನೋಂದಣಿ ಇಲ್ಲದಿದ್ದರೆ ಮೊದಲು ಅದನ್ನೇ ಎತ್ತಿ ತೋರಿಸಿ.

ಪ್ರಯೋಗಕ್ಕೆ ಒಪ್ಪಿಸಿ

ಪಾಲಿಕೆಯೂ ನಿವಾಸಿಗಳೂ ಪಟ್ಟು ಬಿಡದ ಕಡೆ, ಕಾಯಂ ಬದಲಾವಣೆಯ ಬದಲು ಅವಧಿ ನಿಗದಿಯಾದ ಪ್ರಯೋಗವನ್ನು ಕೇಳುವುದು ಜಾಣತನ. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ಮಧ್ಯೆ ಹೆದ್ದಾರಿ ಹಾಯಿಸುವ ಯೋಜನೆಯನ್ನು ವರ್ಷಗಳ ಕಾಲ ವಿರೋಧಿಸಿದ ನಿವಾಸಿಗಳು, 1958ರಲ್ಲಿ ಉದ್ಯಾನದೊಳಗಿನ ರಸ್ತೆಯನ್ನು ಪ್ರಾಯೋಗಿಕವಾಗಿ ಕಾರುಗಳಿಗೆ ಮುಚ್ಚಿಸಿದರು. ಸುತ್ತಲಿನ ಬೀದಿಗಳು ಕಟ್ಟಿಕೊಳ್ಳುತ್ತವೆ ಎಂಬ ಭಯ ನಿಜವಾಗಲಿಲ್ಲ. ಸ್ಟಾಕ್‌ಹೋಮ್ ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ಶುಲ್ಕವನ್ನು 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗಕ್ಕೆ ಹಾಕಿದಾಗ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಆರಂಭದಲ್ಲಿ ವಿರೋಧವಿದ್ದ ನಗರ ಅದೇ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಪರವಾಗಿ ಮತ ಹಾಕಿತು, 2007ರಲ್ಲಿ ಶುಲ್ಕ ಕಾಯಂ ಆಯಿತು. ಪ್ರಯೋಗ ಕೇಳುವಾಗ ಒಂದು ಎಚ್ಚರ ಬೇಕು: ಶುರುವಾಗುವ ಮೊದಲೇ ವಾಹನ, ಸದ್ದು, ಅಂಗಡಿಗಳ ವಹಿವಾಟು ಎಲ್ಲವನ್ನೂ ಅಳೆದಿಡಬೇಕು. ಮೊದಲಿನ ಅಳತೆ ಇಲ್ಲದಿದ್ದರೆ ಕೊನೆಯಲ್ಲಿ ಇಬ್ಬರೂ ತಾವೇ ಗೆದ್ದೆವು ಎನ್ನುತ್ತಾರೆ.

ಅಹವಾಲು ಸಭೆ ಮತ್ತು ನಂತರ

ಅಹವಾಲು ಸಭೆಯಲ್ಲಿ ಮಾತಿಗೆ ಸಿಗುವುದು ಕೆಲವೇ ನಿಮಿಷ. ಒಬ್ಬರು ಒಂದೇ ಕಲಂ ಹಿಡಿದು ಮಾತಾಡಿ, ಕೊನೆಯ ವಾಕ್ಯದಲ್ಲಿ ಬದಲಿ ಒಕ್ಕಣೆಯನ್ನು ಓದಿಹೇಳಿ. ಅಧಿಕಾರಿಗಳು ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ನಡಾವಳಿಯಲ್ಲಿ ಬರೆಸಿ. ವಾರದ ನಂತರ ನಡಾವಳಿಯ ಪ್ರತಿ ತರಿಸಿ ನೋಡಿ. ತಪ್ಪಿದ್ದರೆ, ಬಿಟ್ಟುಹೋಗಿದ್ದರೆ, ಅದು ಸ್ಥಿರೀಕರಣಕ್ಕೆ ಬರುವ ಮೊದಲೇ ಲಿಖಿತವಾಗಿ ತಿಳಿಸಿ. ಅಂತಿಮ ನೀತಿಯ ಜೊತೆಗೆ, ಯಾವ ಆಕ್ಷೇಪಣೆಯನ್ನು ಏಕೆ ಒಪ್ಪಲಾಯಿತು, ಯಾವುದನ್ನು ಏಕೆ ಕೈಬಿಡಲಾಯಿತು ಎಂಬ ಪಟ್ಟಿಯನ್ನೂ ಕೇಳಿ ಪಡೆಯಿರಿ. ಮೇಲ್ಮನವಿ ಸಲ್ಲಿಸುವ ಸಂದರ್ಭ ಬಂದರೆ ಅದಕ್ಕೆ ಆಧಾರವಾಗುವುದು ಆ ಪಟ್ಟಿಯೇ, ಮತ್ತು ಮೇಲ್ಮನವಿಯ ಗಡುವು ಸಾಮಾನ್ಯವಾಗಿ ಚಿಕ್ಕದು.

ನೀತಿಯಲ್ಲಿ ಪರಾಮರ್ಶೆಯ ದಿನಾಂಕ ಇದೆಯೇ ಎಂದು ನೋಡಿ; ಇಲ್ಲದಿದ್ದರೆ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಪರಾಮರ್ಶೆ ಆಗಬೇಕೆಂದು ಬರೆದು ಕೇಳಿ. ಹೊಸ ನಿಯಮ ಜಾರಿಯಾದ ದಿನದಿಂದ ಅದೇ ಮನೆ, ಅದೇ ಕಿಟಕಿ, ಅದೇ ಒಕ್ಕಣೆಯಲ್ಲಿ ಎರಡನೆಯ ನೋಟ್‌ಬುಕ್ ಶುರುಮಾಡಿ. ಪರಾಮರ್ಶೆಯ ಸಭೆಗೆ ಎರಡೂ ನೋಟ್‌ಬುಕ್ಕುಗಳನ್ನು ಒಟ್ಟಿಗೆ ತೆಗೆದುಕೊಂಡು ಹೋಗಿ.