ಆಲೆಮನೆಯಲ್ಲಿ ಕೆಲಸದ ದಿನ ಹೆಚ್ಚಿಸಿದ್ದು ಹೇಗೆ: ಮಂಡ್ಯದ ಅನುಭವ

ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ‘ಸೃಷ್ಟಿಯಾಗುವ ಉದ್ಯೋಗ’ ಅಂತ ಒಂದು ಸಾಲು ಇರುತ್ತದೆ. ಆಲೆಮನೆಯ ವರದಿ ಬರೆಯುವವರು ಅಲ್ಲಿ 8 ಅಂತ ತುಂಬಿ ಮುಂದಿನ ಪುಟಕ್ಕೆ ಹೋಗುತ್ತಾರೆ. ರಾಜ್ಯದ 2025–30ರ ಕೈಗಾರಿಕಾ ನೀತಿ 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಅಂಥ ಗುರಿ ಹಳ್ಳಿಗೆ ಇಳಿದಾಗ ಕಾಣುವುದು ಇಂಥದೇ ಒಂದು ಸಾಲಾಗಿ. 8 ಜನಕ್ಕೆ ವರ್ಷಕ್ಕೆ 300 ದಿನ ಕೆಲಸ ಸಿಕ್ಕರೆ 2,400 ಮಾನವ ದಿನ. ಅದೇ ಆಲೆಮನೆ 120 ದಿನ ಉರಿದು ತಣ್ಣಗಾದರೆ 960. ಕಾಗದದ ಮೇಲೆ ಎಂಟು, ಊರಿಗೆ ಸಿಕ್ಕಿದ್ದು ಮೂರು ಜನದ ಸಂಪಾದನೆ. ಹಾಗಾಗಿ ನಾವು ವರದಿ ಬರೆಯಲು ಕೂತಾಗ ಮೊದಲು ಕೇಳಿಕೊಂಡ ಪ್ರಶ್ನೆ ಎಷ್ಟು ಜನ ಬೇಕು ಎಂಬುದಲ್ಲ, ಒಲೆ ಯಾಕೆ ಆರುತ್ತದೆ ಎಂಬುದು.

ಇದಕ್ಕೆ ಹಾಜರಿ ಪುಸ್ತಕದಲ್ಲೇ ಒಂದು ಕಾಲಂ ಸೇರಿಸಿದೆವು: ಇವತ್ತು ಕೆಲಸ ನಿಂತಿದ್ದರೆ ಕಾರಣ ಏನು. ಮಳೆ, ಕಬ್ಬು ಇಲ್ಲ, ದುಡ್ಡು ಇಲ್ಲ, ಗಾಣ ಕೆಟ್ಟಿದೆ. ಈ ನಾಲ್ಕರಲ್ಲೇ ಎಲ್ಲ ಬಂತು. ಮಷಿನ್ ಕೊಟೇಷನ್ ತರಿಸುವ ಮೊದಲು ಒಂದು ಹಂಗಾಮಿನ ಮಟ್ಟಿಗಾದರೂ ಈ ಕಾಲಂ ತುಂಬಿಸಬೇಕು. ಇಲ್ಲದಿದ್ದರೆ ಸಾಲದ ದುಡ್ಡೆಲ್ಲ ದೊಡ್ಡ ಗಾಣಕ್ಕೆ ಹೋಗುತ್ತದೆ, ಒಲೆ ಮಾತ್ರ ಮೊದಲಿನಷ್ಟೇ ದಿನ ಉರಿಯುತ್ತದೆ.

ಲೆಕ್ಕಕ್ಕೆ ದಿನಕ್ಕೆ 5 ಟನ್ ಕಬ್ಬು ಅರೆಯುವ ಘಟಕ ಇಟ್ಟುಕೊಳ್ಳಿ. ಗಾಣಕ್ಕೆ ಕಬ್ಬು ಕೊಡಲು ಇಬ್ಬರು, ಒಲೆ ಹಾಕಲು ಒಬ್ಬರು, ಕೊಪ್ಪರಿಗೆ ಹತ್ತಿರ ಇಬ್ಬರು, ಅಚ್ಚಿಗೆ ಇಬ್ಬರು, ರಚ್ಚು, ಅಂದರೆ ಅರೆದ ಕಬ್ಬಿನ ಸಿಪ್ಪೆ, ಹರಡಿ ಒಣಗಿಸಲು ಒಬ್ಬರು. ಹೊಲದಲ್ಲಿ ಕಡಿಯುವವರು ಬೇರೆ. ಒಬ್ಬರು ಕಡಿದು ತರಗು ಸುಲಿದು ಹೊರೆ ಕಟ್ಟುವುದು ದಿನಕ್ಕೆ ಸುಮಾರು ಒಂದು ಟನ್. 5 ಟನ್ ಕಬ್ಬಿಗೆ ಬೆಲ್ಲ ಹತ್ತಿರ ಹತ್ತಿರ 500 ಕೆಜಿ.

ಕೆಲಸದ ದಿನವನ್ನು ಅತಿ ಹೆಚ್ಚು ತಿನ್ನುವುದು ರಚ್ಚು. ಹೊರಗಿನವರಿಗೆ ಇದು ಹೊಳೆಯುವುದೇ ಇಲ್ಲ. ಒಂದು ಟನ್ ಕಬ್ಬು ಅರೆದರೆ 350ರಿಂದ 400 ಕೆಜಿ ಹಸಿ ರಚ್ಚು ಬರುತ್ತದೆ, ಅದರಲ್ಲಿ ಅರ್ಧ ನೀರು. ಒಣಗಿದ ಮೇಲೆ ಉಳಿಯುವುದು 200 ಕೆಜಿ ಆಸುಪಾಸು. ಒಂದೇ ಕೊಪ್ಪರಿಗೆಯ ಹಳೇ ಒಲೆ 100 ಕೆಜಿ ಬೆಲ್ಲಕ್ಕೆ ಅಷ್ಟನ್ನೂ ತಿಂದುಬಿಡುತ್ತದೆ. ಬಿಸಿಲಿದ್ದಾಗ ಸರಿಸಮ. ಮಂಡ್ಯದಲ್ಲಿ ಮಳೆ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಎರಡು ದಿನ ಮೋಡ ಕವಿದರೆ ರಚ್ಚು ಒಣಗುವುದಿಲ್ಲ, ಮೂರನೇ ದಿನ ಸೌದೆ ಕೊಳ್ಳಬೇಕು. ಸೌದೆ ದುಬಾರಿ ಅಂತ ಹಳೇ ಟೈರು ತಂದು ಹಾಕುತ್ತಾರೆ. ಆ ಹೊಗೆ ಒಲೆ ಹಾಕುವವರ ಎದೆಗೆ, ಆ ಮಸಿ ಬೆಲ್ಲಕ್ಕೆ. ಟೈರು ಸುಡುವ ಕಡೆ ಊರಿನ ಹುಡುಗರು ಕೆಲಸಕ್ಕೆ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಇದಕ್ಕೆ ಮದ್ದು ಎರಡು. ಮೊದಲನೆಯದು ಬರೀ ಚಾವಣಿ. ದಿನಕ್ಕೆ ಒಂದು ಟನ್ ಒಣ ರಚ್ಚಿನಂತೆ 15 ದಿನಕ್ಕೆ 15 ಟನ್ ದಾಸ್ತಾನು ಬೇಕು. ಸಡಿಲವಾಗಿ ಒಟ್ಟಿದರೆ ಘನ ಮೀಟರಿಗೆ ಸುಮಾರು 100 ಕೆಜಿ, ಅಂದರೆ 150 ಘನ ಮೀಟರ್. 3 ಮೀಟರ್ ಎತ್ತರಕ್ಕೆ ಒಟ್ಟಿದರೆ 50 ಚದರ ಮೀಟರ್. ಓಡಾಟಕ್ಕೆ, ಮಗುಚಲು ಅಷ್ಟೇ ಜಾಗ ಸೇರಿಸಿ 100 ಚದರ ಮೀಟರ್, ನಮ್ಮ ಅಳತೆಯಲ್ಲಿ ಸಾವಿರ ಅಡಿಗೆ ಸ್ವಲ್ಪ ಮೇಲೆ. ನಾಲ್ಕು ಕಡೆಯೂ ಗೋಡೆ ಬೇಡ, ಗಾಳಿ ಆಡಬೇಕು. ಚಿಮಣಿಯ ಕಿಡಿ ಹಾರಿ ಬೀಳದ ದಿಕ್ಕಿನಲ್ಲಿ, ಒಲೆ ಬಾಯಿಂದ ದೂರ ಇರಬೇಕು. ದಾಸ್ತಾನನ್ನು ಫೆಬ್ರುವರಿಯಿಂದ ಮೇವರೆಗಿನ ಬಿಸಿಲಲ್ಲೇ ತುಂಬಿಕೊಳ್ಳಬೇಕು. ಎರಡನೆಯದು ಒಲೆ. ದೊಡ್ಡ ಕೊಪ್ಪರಿಗೆಯಿಂದ ಚಿಮಣಿಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಳಿಯ ಕಬ್ಬಿನ ಹಾಲು (ರಸ) ಅಲ್ಲೇ ಬಿಸಿಯಾಗಿರುತ್ತದೆ. ರಚ್ಚು ಉಳಿಯುತ್ತದೆ, ಪಾಕ ಬೇಗ ಬರುತ್ತದೆ. ಬೂದಿ ಬೀಳುವ ಜಾಲರಿ ಇಲ್ಲದೆ ನೆಲದ ಮೇಲೇ ಉರಿಸಿದರೆ ಗಾಳಿ ಸಾಲದೆ ರಚ್ಚು ಅರೆಬರೆ ಬೇಯುತ್ತದೆ. ಚಿಮಣಿಯ ಕಪ್ಪು ಹೊಗೆ ನೋಡಿದರೆ ಗೊತ್ತಾಗುತ್ತದೆ.

ಈ ಚಾವಣಿಯನ್ನೇ ಅಂದಾಜು ಪಟ್ಟಿಯಿಂದ ಮೊದಲು ಕತ್ತರಿಸುತ್ತಾರೆ, ಅದು ಯಂತ್ರ ಅಲ್ಲ ಅಂತ. ನಮ್ಮ ವರದಿ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಹಾಯಧನ ಕೊಡುವ ಕೇಂದ್ರದ ಯೋಜನೆಯ ಅಡಿಯಲ್ಲಿ ಹೋಯಿತು; 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತಾದ ಉತ್ಪನ್ನವೇ ಬೆಲ್ಲ. ನಾವು ಬರೆದಾಗಿನ ನಿಯಮದಂತೆ ಕೇಂದ್ರದ ಶೇ 35, ರಾಜ್ಯದ ಹೆಚ್ಚುವರಿ ಶೇ 15, ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ. ಕೈಯಿಂದ ಹಾಕುವುದು ಶೇ 10. ಜಾಗದ ಬೆಲೆ ಸೇರಿಸುವಂತಿಲ್ಲ. ತಾಂತ್ರಿಕ ಕಟ್ಟಡ ಕಾಮಗಾರಿ ಯೋಜನಾ ವೆಚ್ಚದ ಶೇ 30 ಮೀರುವಂತಿಲ್ಲ. 30 ಲಕ್ಷದ ಯೋಜನೆಯಾದರೆ ಕಟ್ಟಡಕ್ಕೆ 9 ಲಕ್ಷ. ಅದರೊಳಗೆ ಒಲೆ, ಚಿಮಣಿ, ಅಚ್ಚಿನ ಕೋಣೆ, ರಚ್ಚಿನ ಚಾವಣಿ ಎಲ್ಲ ಹಿಡಿಯಬೇಕು. ಆಫೀಸು ಕೋಣೆ, ಕಾಂಪೌಂಡು ತೆಗೆದುಹಾಕಿ, ಚಾವಣಿಯನ್ನು ‘ಇಂಧನ ದಾಸ್ತಾನು’ ಎಂದು ಹೆಸರಿಸಿ, ಮೇಲಿನ ಘನ ಮೀಟರ್ ಲೆಕ್ಕವನ್ನು ಹಾಗೇ ಲಗತ್ತಿಸಿದರೆ ಒಪ್ಪಿಸುವುದು ಸುಲಭ. ಅರ್ಜಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ನೆರವು ಸಿಗುತ್ತದೆ, ಆದರೆ ಈ ಲೆಕ್ಕ ನಿಮ್ಮದೇ ಇರಬೇಕು.

ಸಹಾಯಧನದ ದುಡ್ಡು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ, ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವಂತಿಲ್ಲ, ಮೂರು ವರ್ಷದ ನಂತರ ಘಟಕ ನಡೆಯುತ್ತಿದ್ದು ಸಾಲದ ಖಾತೆ ಚೊಕ್ಕವಾಗಿದ್ದರೆ ಮಾತ್ರ ಸಾಲಕ್ಕೆ ಜಮೆ. ಬಡ್ಡಿಯ ತಃಖ್ತೆಯನ್ನು ಬರಹದಲ್ಲಿ ಕೇಳಿ ಪಡೆದು ನೋಡಿ. ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕಿದ್ದರೆ ಆಗಲೇ ತಿದ್ದಿಸಬೇಕು. ಇನ್ನೂ ದೊಡ್ಡ ತೊಡಕು ಇಲ್ಲಿದೆ: ಕಂತು 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮಳೆಗಾಲದಲ್ಲಿ ಮೂರು ತಿಂಗಳು ಒಲೆ ಆರಿಸುವ ಆಲೆಮನೆ ಸರಿಯಾಗಿ ಆ ಗುಂಡಿಗೇ ಬೀಳುತ್ತದೆ. ಅದಕ್ಕೇ ಕಂತನ್ನು ಹಂಗಾಮಿಗೆ ಹೊಂದಿಸಿ ಕೇಳಿದೆವು: ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಆಗಸ್ಟಿನಿಂದ ಅಕ್ಟೋಬರಿನವರೆಗೆ ಕಡಿಮೆ. ಮಂಜೂರಾತಿ ಪತ್ರ ಬರುವ ಮೊದಲೇ ಕೇಳಬೇಕು, ಆಮೇಲೆ ಬದಲಾಯಿಸುವುದು ಕಷ್ಟ.

ಮುಂದಿನದು ಓಡಾಟದ ದುಡ್ಡು, ಅಂದರೆ ದುಡಿಯುವ ಬಂಡವಾಳ. ಟನ್ ಕಬ್ಬಿಗೆ 3,500 ರೂಪಾಯಿ ಹಿಡಿದರೆ ದಿನಕ್ಕೆ 17,500. ಕೂಲಿ, ಸಾಗಣೆ, ಕರೆಂಟು ಸೇರಿ 8,500 ಅಂತ ಇಟ್ಟುಕೊಂಡರೆ 26,000. ತಯಾರಾದ ಬೆಲ್ಲವನ್ನೆಲ್ಲ ಪ್ಯಾಕೆಟ್ ಮಾಡಿ ಅಂಗಡಿಗೆ ಕೊಟ್ಟರೆ 15 ದಿನ ದಾಸ್ತಾನು, 30 ದಿನ ಉದ್ರಿ, ಒಟ್ಟು 45 ದಿನ ದುಡ್ಡು ಸಿಕ್ಕಿಕೊಳ್ಳುತ್ತದೆ: 11.70 ಲಕ್ಷ. ಸಹಾಯಧನ ಯಂತ್ರ, ಕಟ್ಟಡಕ್ಕೆ, ಇದಕ್ಕಲ್ಲ. ಹೊಸ ಗಾಣ ಥಳಥಳ ಹೊಳೆಯುತ್ತಿದ್ದರೂ ಎರಡನೇ ತಿಂಗಳಿಗೇ ಕಬ್ಬಿಗೆ ದುಡ್ಡಿಲ್ಲದೆ ನಿಂತ ಘಟಕಗಳಿವೆ, ಕಾರಣ ಇದೇ. ಕಬ್ಬಿನವರಿಗೆ ಉದ್ರಿ ಹೇಳುವಂತಿಲ್ಲ. ಸಕ್ಕರೆ ಕಾರ್ಖಾನೆ 14 ದಿನದೊಳಗೆ ಪಾವತಿಸಬೇಕೆಂದು ಕಾನೂನಿದೆ. ಅದು ತಡವಾದಾಗ ರೈತ ಆಲೆಮನೆ ಕಡೆ ಬರುವುದೇ ಕೈಮೇಲೆ ದುಡ್ಡು ಸಿಗುತ್ತದೆಂದು. 2025–26ಕ್ಕೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಆಲೆಮನೆ ದರ ಅದರ ಪಕ್ಕದಲ್ಲೇ ನಿಲ್ಲಬೇಕು.

ನಾವು ಹಿಡಿದ ದಾರಿ: ಅರ್ಧ ಬೆಲ್ಲ ಮಂಡ್ಯ ಎಪಿಎಂಸಿ ಮಂಡಿಗೆ, ಅಚ್ಚು ಮತ್ತು ಬಕೆಟ್ ಬೆಲ್ಲವಾಗಿ, ಬೇಗ ದುಡ್ಡಾಗುವಂತೆ; ಇನ್ನರ್ಧ ಪುಡಿ ಬೆಲ್ಲವಾಗಿ ಅಂಗಡಿಗೆ. ಮಂಡಿಯ ಅರ್ಧಕ್ಕೆ 10 ದಿನ, ಅಂಗಡಿಯ ಅರ್ಧಕ್ಕೆ 45 ದಿನ ಹಿಡಿದರೆ 1.30 ಲಕ್ಷ ಮತ್ತು 5.85 ಲಕ್ಷ, ಒಟ್ಟು 7.15 ಲಕ್ಷ. ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಕಟ್ಟುವ ಸಾಲ) ಮಿತಿ ಇಷ್ಟಕ್ಕೆ ಕೇಳಿದರೆ ಬ್ಯಾಂಕು ಕಿವಿಗೊಡುತ್ತದೆ. ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ದಾರಿಯಲ್ಲಿ ಹೋಗುವವರಿಗೆ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೆ ಬರುತ್ತದೆ. ಆದರೆ ಮೂರು ವರ್ಷದೊಳಗೆ ಒಮ್ಮೆಯಾದರೂ ಸಿಸಿ ಮಿತಿಯನ್ನು ಪೂರ್ತಿ ಮುಟ್ಟಿರಬೇಕು, ಬಳಕೆ ಶೇ 75ಕ್ಕಿಂತ ಕೆಳಗೆ ಇರಬಾರದು ಎಂಬ ಷರತ್ತಿದೆ. ಸುಮ್ಮನೆ ದೊಡ್ಡ ಮಿತಿ ಕೇಳಿದರೆ ಅದೇ ಉರುಳಾಗುತ್ತದೆ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಮೊದಲೇ ಮಾಡಿಸಿ. ಪ್ರತಿ ಬಿಲ್ಲಿನ ಮೇಲೆ ಆ ಸಂಖ್ಯೆ ಅಚ್ಚಾಗಿರಲಿ. ಕಿರು, ಸಣ್ಣ ಉದ್ಯಮಕ್ಕೆ ಕೊಳ್ಳುವವರು 45 ದಿನ ಮೀರಿ ಬಾಕಿ ಇಡುವಂತಿಲ್ಲ. ಮೀರಿದರೆ ಅವರಿಗೆ ಆದಾಯ ತೆರಿಗೆಯಲ್ಲೂ ಆ ವರ್ಷ ಖರ್ಚು ತೋರಿಸಲು ಬರುವುದಿಲ್ಲ. ದೊಡ್ಡ ಅಂಗಡಿಗಳ ಲೆಕ್ಕಿಗರಿಗೆ ಇದು ಚೆನ್ನಾಗಿ ಗೊತ್ತು, ಬಿಲ್ಲಿನಲ್ಲಿ ಸಂಖ್ಯೆ ಕಂಡರೆ ಸಾಕು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂತು, ಮಂಡಿಗೆ ಹೋಗುವ ಬಿಡಿ ಬೆಲ್ಲಕ್ಕಿಲ್ಲ. ಎರಡೂ ಮಾಡುವವರು ಲೆಕ್ಕದ ಪುಸ್ತಕ ಬೇರೆ ಬೇರೆ ಇಡಬೇಕು.

ಪುಡಿ ಬೆಲ್ಲಕ್ಕೆ ನಾವು ಒತ್ತು ಕೊಟ್ಟಿದ್ದು ಅದು ಕೆಲಸದ ದಿನ ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ. ಅಚ್ಚು ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ. ತೇವ ಶೇ 2ಕ್ಕಿಂತ ಕಡಿಮೆ ಇರುವಂತೆ ಒಣಗಿಸಿ, ಜರಡಿ ಹಿಡಿದು, ಗಾಳಿಯಾಡದ ಚೀಲದಲ್ಲಿಟ್ಟ ಪುಡಿ ತಡೆಯುತ್ತದೆ. ಒಲೆ ಆರಿದ ತಿಂಗಳಲ್ಲೂ ಜರಡಿ, ತೂಕ, ಪ್ಯಾಕಿಂಗ್ ನಡೆಯುತ್ತದೆ. ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಮನೆ ಹತ್ತಿರದ ಕೆಲಸ. ಆಹಾರ ಸಂಸ್ಕರಣೆ ಮಾಡುವ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಪಿಎಂಎಫ್‌ಎಂಇ ಯೋಜನೆಯಲ್ಲಿತ್ತು.

ಪಾಕದ ವಿಷಯ ಕಣ್ಣಿಟ್ಟು ನೋಡಬೇಕಾದ್ದು. ಕಬ್ಬಿನ ಹಾಲಿನ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 5.2–5.4 ಇರುತ್ತದೆ. ತಿಳಿ ಸುಣ್ಣದ ನೀರು ಸ್ವಲ್ಪ ಸ್ವಲ್ಪವೇ ಬಿಟ್ಟು ಪಿಎಚ್ ಕಾಗದದಲ್ಲಿ 6.0–6.2ಕ್ಕೆ ತರಬೇಕು, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಮಡ್ಡಿ ಎದ್ದಾಗ ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ಕಟ್ಟಿಕೊಂಡು ಮೇಲೆ ತೇಲುತ್ತದೆ, ಕುದಿ ಹತ್ತುವ ಮೊದಲೇ ಜಾಲರಿ ಸೌಟಿನಿಂದ ತೆಗೆಯಬೇಕು. ಕುದಿ ಹತ್ತಿದರೆ ಮಡ್ಡಿ ಒಡೆದು ಹಾಲಿನೊಳಗೇ ಬೆರೆಯುತ್ತದೆ. ಅಚ್ಚಿಗೆ 116–118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸುತ್ತೇವೆ, ಪುಡಿಗೆ 120 ದಾಟಬೇಕು. ಥರ್ಮಾಮೀಟರ್ ಇದ್ದರೂ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುವುದನ್ನು ಬಿಡಬಾರದು: ಅಚ್ಚಿನ ಪಾಕ ಗಟ್ಟಿ ಉಂಡೆ ಕಟ್ಟುತ್ತದೆ, ಪುಡಿಯ ಪಾಕ ತಟ್ಟೆಗೆ ಹೊಡೆದರೆ ಟಣ್ ಎನ್ನುತ್ತದೆ. ಕಡಿದ ಕಬ್ಬು 24 ಗಂಟೆ ಮೀರಿದ್ದರೆ ಏನು ಮಾಡಿದರೂ ಬೆಲ್ಲ ಮೆತ್ತಗೆ.

ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ ಹಾಕಿದ ಬೆಲ್ಲ ಹಳದಿ ಬೆಳ್ಳಗೆ ಕಾಣುತ್ತದೆ, ಮಂಡಿಯಲ್ಲಿ ಬಣ್ಣಕ್ಕೆ ದರ ಹೆಚ್ಚು. ಆದರೆ ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ಮೀರಬಾರದು. ಪ್ಯಾಕೆಟ್ ಮೇಲೆ ರಾಸಾಯನಿಕ ಇಲ್ಲ ಎಂದು ಬರೆಯುವವರು ಮಾದರಿಯನ್ನು ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಟ್ಟು ವರದಿ ಇಟ್ಟುಕೊಳ್ಳಬೇಕು.

ಜಿಲ್ಲೆಯ ಎಷ್ಟೋ ಆಲೆಮನೆಗಳು ಗುತ್ತಿಗೆಯಲ್ಲಿವೆ, ಪಾಕ ಇಳಿಸುವ ತಂಡ ಉತ್ತರ ಪ್ರದೇಶದ ಕಡೆಯಿಂದ ಬರುತ್ತದೆ. ಕಷ್ಟಪಟ್ಟು ದುಡಿಯುವ ಜನ, ಅವರ ಮೇಲೆ ದೂರಿಲ್ಲ. ಆದರೆ ಪಾಕದ ಕಸುಬು ಊರಿನವರ ಕೈಯಲ್ಲಿ ಉಳಿಯದಿದ್ದರೆ ಸಹಾಯಧನದ ಉದ್ಯೋಗದಲ್ಲಿ ಊರಿನವರಿಗೆ ಸಿಗುವುದು ಹೊರೆ ಹೊರುವುದಷ್ಟೆ. ಅದಕ್ಕೇ ಕೊಪ್ಪರಿಗೆ ಹತ್ತಿರದ ಇಬ್ಬರಲ್ಲಿ ಒಬ್ಬರು ಊರಿನವರೇ ಇರಬೇಕೆಂದು ಗೊತ್ತುಮಾಡಿ, ಕಲಿಯುವ ಅವಧಿಗೂ ಪೂರ್ತಿ ದಿನಗೂಲಿ ಕೊಟ್ಟೆವು. ಕೊಪ್ಪರಿಗೆಗೆ ಇಷ್ಟು ಎಂಬ ಲೆಕ್ಕದ ಕೂಲಿಯಲ್ಲಿ ಕಲಿಯುವವನನ್ನು ಯಾರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ತರಬೇತಿಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಇದೆ.

ಗಾಣದ ಬಗ್ಗೆ ಒಂದೇ ಮಾತು: 100 ಕೆಜಿ ಕಬ್ಬು ತೂಗಿ ಅರೆದು ಹಾಲನ್ನು ತೂಗಿ ನೋಡಿ. 55 ಕೆಜಿ ಬಂದರೆ ರೋಲರ್ ಸಂದು ಸರಿಯಿಲ್ಲ, 62 ಆಸುಪಾಸು ಬರಬೇಕು. ಆ 7 ಕೆಜಿ ವ್ಯತ್ಯಾಸ 5 ಟನ್ನಿಗೆ 350 ಕೆಜಿ ಹಾಲು, ಬೆಲ್ಲದ ಲೆಕ್ಕದಲ್ಲಿ ದಿನಕ್ಕೆ 50 ಕೆಜಿಗೂ ಮೇಲೆ. ಒಂದು ಜೊತೆ ಬೇರಿಂಗ್ ಸದಾ ಕೈಯಲ್ಲಿರಲಿ.

ಇಷ್ಟೆಲ್ಲ ಸರಿಯಿದ್ದೂ ಕಬ್ಬು ಒಟ್ಟಿಗೇ ಬಂದು ಒಟ್ಟಿಗೇ ಮುಗಿದರೆ ಕೆಲಸ ನಿಲ್ಲುತ್ತದೆ. 250 ದಿನಕ್ಕೆ 1,250 ಟನ್ ಬೇಕು; ಎಕರೆಗೆ 40 ಟನ್ ಹಿಡಿದರೆ 31 ಎಕರೆ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 3 ಎಕರೆ ನಾಟಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ನಾಟಿ ಮಾಡುತ್ತಾರೆ, ಹಾಗಾಗಿ ಬೋರ್‌ವೆಲ್ ಇರುವ ರೈತರನ್ನು ನಾಲೆ ನೀರಿಲ್ಲದ ತಿಂಗಳುಗಳಿಗೆ ಮೀಸಲಿಟ್ಟು ಒಪ್ಪಂದ ಮಾಡಿಕೊಂಡೆವು. ರಿಜಿಸ್ಟರಿನಲ್ಲಿ ರೈತರ ಹೆಸರು, ಸರ್ವೆ ನಂಬರ್, ತಳಿ, ನಾಟಿಯ ತಿಂಗಳು, ಹೊಸ ಕಬ್ಬೋ ಕೂಳೆಯೋ ಎಂಬುದನ್ನು ಬರೆಯಬೇಕು. ಕೂಳೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬು, ಬೇಗ ಕಡಿತಕ್ಕೆ ಬರುತ್ತದೆ. ನಾಟಿಯಿಂದ ಕಡಿತಕ್ಕೆ ವರ್ಷ ಹಿಡಿಯುವುದರಿಂದ ಸಾಲದ ಅರ್ಜಿಗಿಂತ ಮೊದಲು ಶುರುವಾಗಬೇಕಾದ ಕೆಲಸ ಈ ರಿಜಿಸ್ಟರೇ.