ಗಾಳಿ ತಪ್ಪಿದ ಮೇಲೆ ಬರುವ ಬಣ್ಣ

ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಾ ಬೆಳಕು ಬಿದ್ದ ಕೂಡಲೇ ಒಳಗೆ ಬೆಳಕು ಹಿಡಿಯುವ ಬಣ್ಣದ ಪೊರೆ ಕಟ್ಟಿಕೊಳ್ಳುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ನಮ್ಮ ವಿದ್ಯಾರ್ಥಿಗಳೂ ಅಷ್ಟೇ. ನೇರಳೆ ಬ್ಯಾಕ್ಟೀರಿಯಾಗಳ ಮಟ್ಟಿಗೆ ಅದು ಸರಿಯಲ್ಲ. ಆಮ್ಲಜನಕ ಕಡಿಮೆಯಾಗಬೇಕು, ಅದು ಮೊದಲ ಷರತ್ತು. ಹಾಗಾದರೆ ಕತ್ತಲಲ್ಲೂ ಪೊರೆ ಹುಟ್ಟುತ್ತದೆ.

ಕಾಸರಗೋಡಿನ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಮೈಕ್ರೋಬಯಾಲಜಿ ಕಲಿಸುತ್ತೇನೆ. ಇಂಥ ಬ್ಯಾಕ್ಟೀರಿಯಾ ನಮ್ಮ ಗದ್ದೆಯ ಕೆಸರಲ್ಲೂ ಇರುತ್ತವೆ. ಆದರೆ ಪ್ರಾಕ್ಟಿಕಲ್‌ಗೆ ಶುದ್ಧ ತಳಿಯೇ ಬೇಕು ಅಂತ ರೊಡೊಬ್ಯಾಕ್ಟರ್ ಸ್ಫೀರಾಯ್ಡಿಸ್ ಅನ್ನುವ ನೇರಳೆ ಬ್ಯಾಕ್ಟೀರಿಯಾ ತರಿಸಿದೆವು. ಊಟ ಸರಳ: ಇಂಗಾಲಕ್ಕೆ ಸಕ್ಸಿನೇಟ್, ಒಂದಿಷ್ಟು ಲವಣ, ಮತ್ತೆ ಥಯಮಿನ್, ನಿಕೋಟಿನಿಕ್ ಆಮ್ಲ, ಬಯೋಟಿನ್ ಅನ್ನುವ ವಿಟಮಿನ್‌ಗಳು. 30 ಡಿಗ್ರಿ ಸಾಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಇನ್‌ಕ್ಯುಬೇಟರ್ ಇಲ್ಲದಿದ್ದರೂ ನಡೆಯುತ್ತದೆ ಅನ್ನಿ!

250 ಮಿ.ಲೀ. ಫ್ಲಾಸ್ಕಿಗೆ 25 ಮಿ.ಲೀ. ಮಾತ್ರ ಹಾಕಿ ಜೋರಾಗಿ ಶೇಕರ್‌ನಲ್ಲಿ ಕುಲುಕಿದರೆ ಗಾಳಿ ಧಾರಾಳ ಸಿಗುತ್ತದೆ. ಆಗ ಕೋಶಗಳು ಸುಮ್ನೆ ಉಸಿರಾಡಿಕೊಂಡು ಬೆಳೆಯುತ್ತವೆ. ನೀರು ಮಾಸಲು ಬಿಳಿ, ಒಂಚೂರು ಗುಲಾಬಿ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ ಶೇಕರ್ ನಿಂತಿತ್ತು. ಬೆಳಗ್ಗೆ ನೋಡಿದರೆ ಫ್ಲಾಸ್ಕಿನ ತಳವೆಲ್ಲ ಕೆಂಪು. ಬೇರೆ ಏನೋ ಸೇರಿಕೊಂಡಿದೆ, ಚೆಲ್ಲೋಣ ಸರ್ ಅಂದರು ಹುಡುಗರು. ಸ್ಲೈಡ್ ಮಾಡಿ ನೋಡಿದೆವು, ಅದೇ ಕೋಶಗಳು. ಕುಲುಕುವುದು ನಿಂತ ಮೇಲೆ ಕರಗಿದ್ದ ಆಮ್ಲಜನಕವನ್ನು ಅವೇ ತಿಂದು ಮುಗಿಸಿದ್ದವು. ಮೇಲಿನಿಂದ ಅಲ್ಪಸ್ವಲ್ಪ ಇಳಿಯುತ್ತಿದ್ದ ಗಾಳಿ ಬಣ್ಣ ಕಟ್ಟುವ ಕೆಲಸಕ್ಕೆ ಬೇಕಾದ ಶಕ್ತಿ ಕೊಟ್ಟಿತ್ತು. ಈಗ ಅದನ್ನೇ ಬೇಕೆಂದು ಮಾಡುತ್ತೇವೆ: ಫ್ಲಾಸ್ಕಿನ ಐದರಲ್ಲಿ ನಾಲ್ಕು ಪಾಲು ತುಂಬಿ, ಕತ್ತಲಲ್ಲಿ ನಿಧಾನಕ್ಕೆ ಕುಲುಕುವುದು.

ಒಳಗೆ ಆಗುವುದು ಇಷ್ಟು. ಕೋಶದ ಹೊರ ಅಂಚಿನ ಪೊರೆ ಅಲ್ಲಲ್ಲಿ ಜೇಬಿನ ಹಾಗೆ ಒಳಕ್ಕೆ ಬಾಗುತ್ತದೆ. ಅಲ್ಲಿ ಮೊದಲು ಕೂರುವುದು ಬೆಳಕನ್ನು ಶಕ್ತಿಯಾಗಿಸುವ ರಿಯಾಕ್ಷನ್ ಸೆಂಟರ್ ಮತ್ತು ಅದನ್ನು ಸುತ್ತಿಕೊಳ್ಳುವ ಎಲ್‌ಎಚ್1, ಅಂದರೆ ಬೆಳಕು ಹಿಡಿದುಕೊಡುವ ಬಣ್ಣದ ಪ್ರೋಟೀನ್. ಆಮೇಲೆ ಅದೇ ಬಗೆಯ ಎಲ್‌ಎಚ್2 ತುಂಬಿಕೊಳ್ಳುತ್ತದೆ. ಈ ಪ್ರೋಟೀನ್‌ಗಳು ಒತ್ತೊತ್ತಾಗಿ ಸೇರಿದಂತೆ ಪೊರೆ ಇನ್ನೂ ಬಾಗಿ, ಸುಮಾರು 50 ನ್ಯಾನೊಮೀಟರ್ ಅಗಲದ ಗುಳ್ಳೆಗಳಾಗುತ್ತದೆ. ಕೋಶ ಒಡೆದಾಗ ಹೊರಬರುವ ಈ ತುಣುಕುಗಳಿಗೆ 1952ರಲ್ಲಿ ಶಾಕ್‌ಮನ್, ಪಾರ್ಡೀ, ಸ್ಟೇನಿಯರ್ ಅನ್ನುವ ವಿಜ್ಞಾನಿಗಳು ಕ್ರೊಮಾಟೊಫೋರ್ ಅಂತ ಹೆಸರಿಟ್ಟರು. ಎಲ್ಲ ನೇರಳೆ ಬ್ಯಾಕ್ಟೀರಿಯಾಗಳೂ ಗುಳ್ಳೆಯನ್ನೇ ಕಟ್ಟುವುದಿಲ್ಲ. ಕೆಲವು ಹಾಳೆ ಜೋಡಿಸಿದಂತೆ ಪದರ ಕಟ್ಟುತ್ತವೆ.

ನಮ್ಮಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಎಲ್ಲಿಂದ ಬರಬೇಕು? ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೇ ಓದಬೇಕು. ಕೋಶಗಳನ್ನು ಹಾಗೇ ಇಟ್ಟರೆ ಬೆಳಕು ಚದುರಿ ರೇಖೆ ಕೆಡುತ್ತದೆ. ಗಟ್ಟಿ ಸಕ್ಕರೆ ದ್ರಾವಣದಲ್ಲಿ ಕಲಸಿ ಇಟ್ಟರೆ ಚೆನ್ನಾಗಿ ಬರುತ್ತದೆ. 875 ನ್ಯಾನೊಮೀಟರ್ ಹತ್ತಿರ ಎಲ್‌ಎಚ್1, 800 ಮತ್ತು 850ರಲ್ಲಿ ಎಲ್‌ಎಚ್2. ಗಂಟೆಗೊಮ್ಮೆ ಸ್ಯಾಂಪಲ್ ತೆಗೆದರೆ 850ರ ಶಿಖರ ಆಮೇಲೆ ಏರಿ 875 ಅನ್ನು ಮುಚ್ಚಿಹಾಕುವುದು ಕಾಣುತ್ತದೆ. ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಇದೇ.

ಹಾಗಾದರೆ ಬೆಳಕಿನ ಕೆಲಸ ಏನು? ಎಷ್ಟು ಪೊರೆ ಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಮಂದ ಬೆಳಕಾದರೆ ಗುಳ್ಳೆ ಜಾಸ್ತಿ, ಎಲ್‌ಎಚ್2 ಜಾಸ್ತಿ. ಜೋರು ಬೆಳಕಾದರೆ ಎರಡೂ ಕಡಿಮೆ. ಕೊಹೆನ್-ಬಜೀರ್, ಸಿಸ್ಟ್ರಮ್, ಸ್ಟೇನಿಯರ್ 1957ರಲ್ಲೇ ಬಣ್ಣ ಅಳೆದು, ಬೆಳಕು ಮತ್ತು ಆಮ್ಲಜನಕ ಎರಡೂ ಅದನ್ನು ತಗ್ಗಿಸುತ್ತವೆ ಅಂತ ತೋರಿಸಿದ್ದರು. ನೀವೇ ಮಾಡುವುದಾದರೆ ಹಳೆ ಫಿಲಮೆಂಟ್ ಬಲ್ಬು ಹುಡುಕಿ. ಅಂಗಡಿಯವರು ಎಲ್‌ಇಡಿ ಕೊಡಲು ನೋಡುತ್ತಾರೆ. ಅದರ ಬಿಳಿ ಬೆಳಕಿನಲ್ಲಿ 800 ನ್ಯಾನೊಮೀಟರ್ ದಾಟಿದ ಅವಕೆಂಪು ಹೆಚ್ಚುಕಡಿಮೆ ಇರುವುದೇ ಇಲ್ಲ, ಈ ಕೋಶಗಳಿಗೆ ಬೇಕಾದದ್ದು ಅದೇ ಅಲ್ವಾ?

ಇನ್ನೊಂದು ಮಾತು. ಕಣ್ಣಿಗೆ ಕಂಡ ಬಣ್ಣವನ್ನು ನಂಬಿ ಲೆಕ್ಕ ಹಾಕಬೇಡಿ. ಕತ್ತಿನವರೆಗೆ ತುಂಬಿ ಬಿರಡೆ ಹಾಕಿ ಬೆಳಕಲ್ಲಿಟ್ಟ ಬಾಟಲಿ ಹಳದಿ ಕಂದು ಬಣ್ಣಕ್ಕೆ ಬರುತ್ತದೆ. ಮುಚ್ಚಳ ತೆಗೆದು ಗಾಳಿ ಆಡಿಸಿದರೆ ಕೆಂಪಾಗುತ್ತದೆ. ಹಾಗಂತ ಪೊರೆ ಹೆಚ್ಚಾಯಿತು ಅಂತಲ್ಲ, ಸ್ಫೀರಾಯ್ಡೀನ್ ಅನ್ನುವ ಹಳದಿ ಕೆರೊಟಿನಾಯ್ಡ್ ಆಮ್ಲಜನಕ ಸೇರಿ ಕೆಂಪು ಸ್ಫೀರಾಯ್ಡಿನೋನ್ ಆಗಿದೆ ಅಷ್ಟೇ. ಕೋಶಗಳನ್ನು ಏಳು ಪಾಲು ಅಸಿಟೋನ್, ಎರಡು ಪಾಲು ಮೆಥನಾಲ್‌ನಲ್ಲಿ ಹಿಂಡಿ, ಬೆಳಕು ಹಿಡಿಯುವ ಮುಖ್ಯ ಬಣ್ಣವಾದ ಬ್ಯಾಕ್ಟೀರಿಯೊಕ್ಲೋರೊಫಿಲ್ ಅನ್ನು 770 ನ್ಯಾನೊಮೀಟರ್‌ನಲ್ಲಿ ಅಳೆಯಿರಿ.