ಕೊರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ: ನುನ್‌ಚಿ ಎಂಬ ಕಣ್ಣಳತೆ

ನುನ್ ಎಂದರೆ ಕಣ್ಣು. ಎದುರಿನವರು ಬಾಯಿಬಿಟ್ಟು ಹೇಳದ್ದನ್ನು ಕಣ್ಣಲ್ಲೇ ಅಳೆದುಕೊಳ್ಳುವುದಕ್ಕೆ ಇಲ್ಲಿ ನುನ್‌ಚಿ ಅನ್ನುತ್ತಾರೆ. 'ಅವನಿಗೆ ನುನ್‌ಚಿ ಇಲ್ಲ' ಅಂದರೆ ಬೈಗುಳವೇ.

ಸುಲಭದ್ದು ಮೊದಲು. 'ಬಪ್ ಮೊಗೊಸ್ಸೊಯೊ?' ನಮ್ಮ 'ಊಟ ಆಯ್ತಾ?' ಇದ್ದಂತೆ, ಆಯ್ತು, ನಿಮ್ಮದು ಅಂದರೆ ಸಾಕು. 'ಯಾವಾಗಾದರೂ ಊಟ ಮಾಡೋಣ' ಅಂದವರು ದಿನ, ಹೊತ್ತು ಹೇಳದಿದ್ದರೆ ಅದು ಕರೆಯಲ್ಲ. 'ಬಿಡುವಾದಾಗ ಮನೆ ಕಡೆ ಬನ್ನಿ' ಅಂತ ನಾವೂ ಅನ್ನುವುದಿಲ್ಲವೇ!

ತೊಡಕಿರುವುದು 'ಇಲ್ಲ' ಎಂಬಲ್ಲಿ. ಆಫೀಸಿನಲ್ಲಿ ಅದನ್ನು ನೇರವಾಗಿ ಹೇಳುವವರು ಕಡಿಮೆ. 'ಸ್ವಲ್ಪ ಕಷ್ಟ' ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ ಅಂತಲೇ ಅರ್ಥ. 'ಯೋಚಿಸಿ ನೋಡ್ತೀನಿ' ಕೂಡ ಬಹಳ ಸಲ ಅಷ್ಟೇ. ಹಲ್ಲಿನ ಸಂದಿಯಿಂದ ಸದ್ದಾಗುವಂತೆ ಉಸಿರೆಳೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ನಮ್ಮವರು ಎಡವುವುದು ಇಲ್ಲೇ: ಮೀಟಿಂಗಿನಲ್ಲಿ ಎಲ್ಲರೆದುರು 'ಯಾಕೆ ಆಗಲ್ಲ?' ಎಂದು ಬೆನ್ನುಹತ್ತುತ್ತಾರೆ, ಇಬ್ಬರ ಮುಖವೂ ಕೆಡುತ್ತದೆ. ಆಮೇಲೆ ಒಬ್ಬರೇ ಸಿಕ್ಕಾಗ ಬೇರೆ ಒಂದೆರಡು ದಾರಿ ಮುಂದಿಡಿ. ಮಾತಿನ ನಡುವೆ ಅವರು 'ನೆ, ನೆ' ಅನ್ನುತ್ತಿದ್ದರೆ ಕೇಳಿಸಿಕೊಳ್ಳುತ್ತಿದ್ದಾರೆ ಅಷ್ಟೇ, ಒಪ್ಪಿದ್ದಾರೆ ಅಂತಲ್ಲ. ನಾವು ಹೂಂಗುಟ್ಟುತ್ತ ತಲೆಯನ್ನು ಅಕ್ಕಪಕ್ಕ ತೂಗುವುದು ಅವರಿಗೆ 'ಇಲ್ಲ' ಅಂತ ಕಾಣುತ್ತದೆ. ಮೇಲೆ ಕೆಳಗೆ ಆಡಿಸಿ.

ಮೊದಲ ಭೇಟಿಯಲ್ಲೇ ಹುಟ್ಟಿದ ವರ್ಷ ಕೇಳಿದರೆ ಮುನಿಯಬೇಡಿ. ನಿಮ್ಮನ್ನು 'ನೀನು' ಅನ್ನಬೇಕೋ 'ನೀವು' ಅನ್ನಬೇಕೋ ಎಂಬ ಲೆಕ್ಕವದು. 2023ರ ಜೂನ್ 28ರಿಂದ ಕಾನೂನಿನ ವಯಸ್ಸು ಹುಟ್ಟಿದ ದಿನದಿಂದ ಎಣಿಸುವ ನಮ್ಮ ಲೆಕ್ಕದಂತೆಯೇ, ಆದರೂ ಹಿರಿತನಕ್ಕೆ ಹುಟ್ಟಿದ ವರ್ಷವನ್ನೇ ನೋಡುತ್ತಾರೆ.

ಇನ್ನು ಹ್ವೆಶಿಕ್, ಅಂದರೆ ತಂಡದ ಊಟ. ಬಾಗಿಲಿನಿಂದ ದೂರದ ಜಾಗ ಹಿರಿಯರದ್ದು. ಅವರು ಚಮಚ ಎತ್ತುವವರೆಗೆ ಕಾಯಿರಿ. ಲೋಟಕ್ಕೆ ಸುರಿಯುವಾಗಲೂ ಸುರಿಸಿಕೊಳ್ಳುವಾಗಲೂ ಎರಡು ಕೈ. ಹಿರಿಯರೆದುರು ಕುಡಿಯುವಾಗ ಮುಖ ಪಕ್ಕಕ್ಕೆ. ಕುಡಿಯದವರು ಲೋಟಕ್ಕೆ ಪೆಪ್ಸಿಯನ್ನೋ ನೀರನ್ನೋ ತುಂಬಿಸಿ ಎತ್ತಿದರಾಯಿತು. ಖಾಲಿ ಲೋಟ ಕಂಡರೆ ಯಾರಾದರೂ ತುಂಬಿಸಲು ಬಂದೇ ಬರುತ್ತಾರೆ. ಸಸ್ಯಾಹಾರಿಗಳು ಹೋಟೆಲ್ ಗೊತ್ತುಮಾಡುವ ದಿನವೇ ಹೇಳಬೇಕು, ಅದೂ 'ಮಾಂಸ ಬೇಡ, ಮೀನೂ ಬೇಡ' ಅಂತ ಬಿಡಿಸಿ. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಬೀಳುತ್ತದೆ, ಸಾರಿನ ನೀರಿನಲ್ಲಿ ಹೆಚ್ಚಾಗಿ ಒಣಮೀನು ಕುದ್ದಿರುತ್ತದೆ. ಮೇಜಿನ ಮುಂದೆ ಕೂತು ಹೇಳಿದರೆ ಹಿರಿಯರಿಗೆ ಮುಜುಗರ.

ಬೇಗ ಮನೆಗೆ ಹೊರಡಬೇಕಿದ್ದರೆ ಊಟದ ನಡುವೆ ಏಳಬೇಡಿ. ಮೊದಲ ಸುತ್ತು ಮುಗಿದು ಎಲ್ಲರೂ ರಸ್ತೆಗಿಳಿದು ಎರಡನೆಯ ಜಾಗ ಯಾವುದೆಂದು ಮಾತಾಡುತ್ತ ನಿಂತಾಗ, ಹಿರಿಯರಿಗೆ ಮೊದಲು ತಲೆಬಾಗಿಸಿ ಹೇಳಿ ಹೊರಡಿ.